ನೆಕ್ ಪಿಕಪ್ ಕೇಳಿ ಬ್ರಿಡ್ಜ್ ಪಿಕಪ್ ಆರಿಸಿ

ಸೆಮಿ-ಹಾಲೋ ಗಿಟಾರಿನ ಬ್ರಿಡ್ಜ್ ಪಿಕಪ್ ಬದಲಿಸಬೇಕು ಎನ್ನುವವರಿಗೆ ನಾನು ಹೇಳುವ ಮೊದಲ ಮಾತು: ದುಡ್ಡು ಬಿಚ್ಚುವ ಮುಂಚೆ ಸ್ಕ್ರೂಡ್ರೈವರ್ ಹಿಡಿದು ಇರುವ ಪಿಕಪ್ಪನ್ನೇ ಏರಿಸಿ, ಇಳಿಸಿ ನೋಡಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿದಾಗ ಬ್ರಿಡ್ಜ್ ಪಿಕಪ್ಪಿಗೂ ತಂತಿಗೂ ನಡುವೆ ಸುಮಾರು 1.6 ಮಿ.ಮೀ., ನೆಕ್ ಕಡೆ 2.4 ಮಿ.ಮೀ. ಅಂತರ ಇರಬೇಕೆನ್ನುವುದು ಗಿಬ್ಸನ್‌ನವರ ಅಳತೆ. ನನ್ನ ಗಿಟಾರಿನಲ್ಲಿ ಅರ್ಧ ತೊಂದರೆ ಇದರಿಂದಲೇ ಹೋಯಿತು. ತೆಳು ತಂತಿಗಳ ದನಿ ಕಿವಿಗೆ ಚುಚ್ಚುವುದು ಮಾತ್ರ ಹೋಗಲಿಲ್ಲ.

ಗಿಬ್ಸನ್ 1958ರಲ್ಲಿ ತಂದ ಇಎಸ್-335 ಈ ಜಾತಿಯ ಗಿಟಾರುಗಳ ಮೂಲಮಾದರಿ. ಒಡಲಿನ ನಡುವೆ ಉದ್ದಕ್ಕೂ ಮರದ ತೊಲೆ, ಅದರ ಎರಡೂ ಪಕ್ಕ ಟೊಳ್ಳು. ತೊಲೆಯಿಂದಾಗಿ ಫೀಡ್‌ಬ್ಯಾಕ್ ಹತೋಟಿಯಲ್ಲಿರುತ್ತದೆ, ಟೊಳ್ಳಿನಿಂದ ದನಿಗೆ ಉಸಿರು ಬರುತ್ತದೆ. ಆ ಉಸಿರಿಗಾಗಿಯೇ ಅಲ್ಲವೇ ನಾವು ಇದನ್ನು ಕೊಂಡದ್ದು? ಹೊಸ ಪಿಕಪ್ ಅದನ್ನು ಅದುಮಬಾರದು.

ಕ್ಯಾಟಲಾಗುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಿಲೋಓಮ್ ಸಂಖ್ಯೆ. ಸೆತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್‌ಗಳು, ಅಂದರೆ ಇಂದು ಪಿಎಎಫ್ ಎಂದು ಹೆಸರಾದವು, ಸಾಮಾನ್ಯವಾಗಿ 7ರಿಂದ 9ರ ಆಸುಪಾಸು ಇರುತ್ತವೆ. ಸೆಮೋರ್ ಡಂಕನ್‌ರ ಜೆಬಿ 16 ದಾಟುತ್ತದೆ. ಹಾಗೆಂದು ಅದರ ದನಿ ಎರಡು ಪಟ್ಟು ಜೋರಲ್ಲ. ಸುರುಳಿಯ ತಂತಿ ತೆಳುವಾದಷ್ಟೂ ಓಮ್ ಏರುತ್ತದೆ. ದನಿಯನ್ನು ತೀರ್ಮಾನಿಸುವುದು ಸುತ್ತುಗಳ ಸಂಖ್ಯೆ ಮತ್ತು ಅಯಸ್ಕಾಂತ. ಸುತ್ತು ಹೆಚ್ಚಿದಂತೆ ಮೇಲಿನ ಸ್ವರಗಳ ಹೊಳಪು ಇಳಿದು ನಡುವಿನ ಸ್ವರಗಳು ದಪ್ಪವಾಗುತ್ತವೆ.

ಚುಚ್ಚುವುದು ನಿಲ್ಲಬೇಕಾದರೆ ಹೆಚ್ಚು ಸುತ್ತಿನ ಪಿಕಪ್ಪೇ ಸರಿ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸ್ವಿಚ್ಚನ್ನು ನಡುವೆ ನಿಲ್ಲಿಸಿ ಕೇಳಬೇಕು. ಎರಡೂ ಪಿಕಪ್ ಒಟ್ಟಿಗೆ ನುಡಿಯುವ ಆ ಜಾಗವೇ ಸೆಮಿ-ಹಾಲೋದ ಸೊಗಸು. ಬ್ರಿಡ್ಜ್ ತೀರಾ ಬಲವಾದರೆ ನೆಕ್ ಪಿಕಪ್ ಅದರಡಿ ಮುಳುಗಿಬಿಡುತ್ತದೆ. ಬ್ರಿಡ್ಜ್ ಬಳಿ ತಂತಿ ಕಡಿಮೆ ತೂಗಾಡುವುದರಿಂದ ಅಲ್ಲಿನ ಪಿಕಪ್ ಸ್ವಲ್ಪ ಹೆಚ್ಚು ಬಲದ್ದಿರಬೇಕು, ನಿಜ. ಸ್ವಲ್ಪ ಮಾತ್ರ. ನನ್ನ ನೆಕ್ ಪಿಕಪ್ 7.5 ಕಿಲೋಓಮ್ ಇತ್ತು. ಅದರ ಜೊತೆಗೆ 8ರ ಸುಮಾರಿನ, ಆಲ್ನಿಕೋ 2 ಅಯಸ್ಕಾಂತದ ಪಿಕಪ್ ಆರಿಸಿದೆ. ಆಲ್ನಿಕೋ 5ರಲ್ಲಿ ಮಂದ್ರ ಬಿಗಿ, ಮೇಲ್ದನಿ ಚುರುಕು. ಮಂಕು ಗಿಟಾರಿಗೆ ಅದು ಒಳ್ಳೆಯದು. ನನ್ನದಕ್ಕೆ ಬೇಕಿದ್ದುದು ಮೆದುವಾದ 2.

ಪಿಕಪ್ಪಿನ ಸುರುಳಿಗೆ ತುಂಬುವ ಮೇಣದ ವಿಷಯವನ್ನೂ ನೋಡಬೇಕು. ಹಳೆಯ ಹಂಬಕರ್‌ಗಳಿಗೆ ಮೇಣ ತುಂಬುತ್ತಿರಲಿಲ್ಲ, ಅವುಗಳ ದನಿಯಲ್ಲಿ ಬಯಲು ಹೆಚ್ಚು. ಡ್ರಮ್ಸ್ ಜೊತೆ ಜೋರಾಗಿ ನುಡಿಸಿದರೆ ಅವೇ ಕಿರುಚುತ್ತವೆ. ಫೀಡ್‌ಬ್ಯಾಕ್ ತಡೆಯಲು ಬಿ.ಬಿ. ಕಿಂಗ್ ಗಿಟಾರಿನ ಎಫ್ ರಂಧ್ರಗಳಿಗೆ ಬಟ್ಟೆ ತುರುಕುತ್ತಿದ್ದರು. ಬ್ಯಾಂಡಿನಲ್ಲಿ ನುಡಿಸುವ ನಾನು ಮೇಣ ತುಂಬಿದ್ದನ್ನೇ ಕೊಂಡೆ. ಮನೆಯಲ್ಲಷ್ಟೇ ನುಡಿಸುವವರಿಗೆ ಮೇಣವಿಲ್ಲದ್ದೇ ಚೆಂದ.

ಕೊಳ್ಳುವಾಗ ನಾಲ್ಕು ತಂತಿಯ ಕೇಬಲ್ ಇರುವುದನ್ನೇ ಕೇಳಿ. ಎರಡು ಕಂಪನಿಗಳ ಪಿಕಪ್ ಒಟ್ಟು ಸೇರಿದಾಗ ಫೇಸ್ ಉಲ್ಟಾ ಆಗಿ ನಡುವಿನ ದನಿ ಪೇಲವವಾಗಬಹುದು. ನಾಲ್ಕು ತಂತಿಯಿದ್ದರೆ ಬೆಸುಗೆ ಅದಲುಬದಲು ಮಾಡಿದರಾಯಿತು. ಹೆಣೆದ ಲೋಹದ ಹೊದಿಕೆಯ ಹಳೆಯ ಬಗೆಯಲ್ಲಿ ಹಾಗೆ ಬದಲಿಸಿದರೆ ಪಿಕಪ್ಪಿನ ಮುಚ್ಚಳಕ್ಕೇ ಸಿಗ್ನಲ್ ಹರಿದು ಗುಂಯ್‌ಗುಡುತ್ತದೆ. ಬಣ್ಣಗಳೂ ಒಂದೇ ಅಲ್ಲ: ಡಂಕನ್‌ನಲ್ಲಿ ಸಿಗ್ನಲ್ ಹೊರುವ ಹಾಟ್ ತಂತಿ ಕಪ್ಪು, ಡಿಮಾರ್ಜಿಯೋದಲ್ಲಿ ಕೆಂಪು. ಬೆಸೆಯುವ ಮುನ್ನ ಎರಡೂ ಪಿಕಪ್ಪುಗಳಿಗೆ ಒಂದೇ ರೀತಿ ಮಲ್ಟಿಮೀಟರ್ ಹಚ್ಚಿ, ಸ್ಕ್ರೂಡ್ರೈವರನ್ನು ಪಿಕಪ್ಪಿಗೆ ತಾಗಿಸಿ ಎಳೆಯಿರಿ. ಎರಡರಲ್ಲೂ ಅಂಕಿ ಒಂದೇ ದಿಕ್ಕಿಗೆ ಜಿಗಿದರೆ ಫೇಸ್ ಸರಿಯಿದೆ.

ಹೆಚ್ಚಿನ ಸೆಮಿ-ಹಾಲೋಗಳ ಹಿಂಬದಿಗೆ ಮುಚ್ಚಳವಿಲ್ಲ. ನಾಬಿನಡಿಯ ಪಾಟು, ಸ್ವಿಚ್ಚು, ಜ್ಯಾಕು ಎಲ್ಲವೂ ಎಫ್ ರಂಧ್ರದಿಂದಲೋ ಪಿಕಪ್ಪಿನ ಕುಳಿಯಿಂದಲೋ ಹೊರಬಂದು ಒಳಹೋಗಬೇಕು. ಬಿಚ್ಚುವ ಮೊದಲೇ ಪ್ರತಿ ಪಾಟಿನ ಕಡ್ಡಿಗೂ ಗಟ್ಟಿ ದಾರ ಕಟ್ಟಿ. ಆ ದಾರ ಎಳೆದರೆ ಪಾಟ್ ತನ್ನ ತೂತಿಗೇ ಬಂದು ಕೂರುತ್ತದೆ. ತಾಳ್ಮೆಯಿಲ್ಲದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಬಿಚ್ಚಿದ ಹಳೆಯ ಪಿಕಪ್ಪನ್ನು ಸ್ಕ್ರೂ, ಸ್ಪ್ರಿಂಗುಗಳ ಸಮೇತ ಎತ್ತಿಡಿ. ಮುಂದೆ ಗಿಟಾರ್ ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ.