ಉಪಗ್ರಹದಿಂದ ಬರುವ ಡೇಟಾ: ಅದರ ಮಿತಿಯೂ ಮಿತವ್ಯಯದ ಕ್ರಮವೂ

(ಎಲ್.ಏಜಿ. ಪದವೀಧರರಾದ ವ್ಯವಸಾಯ ಇನ್‌ಸ್ಪೆಕ್ಟರರೊಬ್ಬರಿಂದ)

ಮೊಬೈಲು ಗೋಪುರದ ಸಂಕೇತವು ತಲಪದೆಯೂ, ನೆಲದೊಳಗಿನ ಫೈಬರ್ ತಂತಿಯು ಬಾರದೆಯೂ ಇರುವ ಗ್ರಾಮಗಳೂ ತೋಟಗಳೂ ಮಲೆನಾಡಿನ ಕಣಿವೆಗಳಲ್ಲಿ ಇನ್ನೂ ಉಂಟು. ಅಂತಹ ಸ್ಥಳಗಳಲ್ಲಿ ಮನೆಯ ಮೇಲೆ ಡಿಷ್ಷನ್ನು ನಿಲ್ಲಿಸಿ ಉಪಗ್ರಹದ ಮೂಲಕ ಇಂಟರ್‌ನೆಟ್ಟನ್ನು ಪಡೆಯಬಹುದು. ಆದರೆ ಹೀಗೆ ಬರುವ ಡೇಟಾಕ್ಕೆ ಸಾಧಾರಣವಾಗಿ ತಿಂಗಳಿಗೆ ಇಷ್ಟೆಂಬ ಮಿತಿ ಇರುವುದು. ಅದು ಮುಗಿದ ಮೇಲೆ ಸಂಪರ್ಕವು ಪೂರ್ತಿಯಾಗಿ ನಿಲ್ಲದಿದ್ದರೂ ಅದರ ವೇಗವು ಬಹಳವಾಗಿ ತಗ್ಗಿಸಲ್ಪಡುತ್ತದೆ. ತಿಂಗಳ ಇಪ್ಪತ್ತನೆಯ ತಾರೀಖಿಗೇ ಡೇಟಾ ತೀರಿಹೋಯಿತೆಂದೂ, ಯಾರು ಬಳಸಿದರೆಂಬುದು ತಿಳಿಯಲಿಲ್ಲವೆಂದೂ ಹೇಳುವ ಯಜಮಾನರು ಬಹಳ ಮಂದಿ.

ಇದರಿಂದಾಗುವ ನಷ್ಟವು ಕೇವಲ ಮನರಂಜನೆಗೆ ಸಂಬಂಧಿಸಿದ್ದಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತ ಮುಂತಾದ ಸ್ಥಳೀಯ ವಿಪತ್ತಿನಿಂದ ವಿಮೆಯ ಬೆಳೆ ನಷ್ಟವಾದಲ್ಲಿ 72 ಗಂಟೆಗಳೊಳಗೆ ವರದಿ ಕೊಡಬೇಕೆಂಬ ನಿಯಮವಿದೆ. ಇಪ್ಪತ್ತಾರನೆಯ ತಾರೀಖು ಗುಡ್ಡ ಜರಿದು ರಸ್ತೆ ಕಡಿದುಹೋದ ಊರಿನಲ್ಲಿ, ಡಿಷ್ಷಿನ ಡೇಟಾವೂ ಇಪ್ಪತ್ತರಂದೇ ಮುಗಿದಿದ್ದರೆ, ರೈತನು ಆ 72 ಗಂಟೆಗಳನ್ನು ಹೇಗೆ ಉಪಯೋಗಿಸಿಕೊಳ್ಳಬೇಕು? ಆದುದರಿಂದ ಡೇಟಾದ ಮಿತವ್ಯಯವನ್ನು ಕೆರೆಯ ನೀರಿನ ಮಿತವ್ಯಯದಷ್ಟೇ ಗಂಭೀರವಾಗಿ ಎಣಿಸತಕ್ಕದ್ದು.

ವೇಗ ಬೇರೆ, ಪರಿಮಾಣ ಬೇರೆ

ಮೊದಲು ಅಳತೆಯ ವಿಷಯ. ಡಿಷ್ಷನ್ನು ಮಾರುವವರು ವೇಗವನ್ನು ಮೆಗಾಬಿಟ್ಟುಗಳಲ್ಲಿಯೂ, ತಿಂಗಳ ಮಿತಿಯನ್ನು ಗಿಗಾಬೈಟ್ ಅಥವಾ ಜಿ.ಬಿ.ಗಳಲ್ಲಿಯೂ ಹೇಳುತ್ತಾರೆ. ಎಂಟು ಬಿಟ್ಟುಗಳು ಸೇರಿದರೆ ಒಂದು ಬೈಟು. ಸಾವಿರ ಮೆಗಾಬೈಟುಗಳಿಗೆ ಸುಮಾರು ಒಂದು ಜಿ.ಬಿ. ವೇಗವೆಂಬುದು ತೂಬಿನ ಬಾಯಿಯ ಅಗಲ. ಮಿತಿಯೆಂಬುದು ಕೆರೆಯಲ್ಲಿರುವ ನೀರು. ತೂಬು ದೊಡ್ಡದಾದ ಮಾತ್ರಕ್ಕೆ ಕೆರೆಯಲ್ಲಿ ನೀರು ಹೆಚ್ಚಾಗುವುದಿಲ್ಲ, ಬೇಗ ಬರಿದಾಗುವುದು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕವನ್ನು ಪೂರ್ತಿ ತೆರೆದು ಬಿಟ್ಟರೆ ಒಂದು ಜಿ.ಬಿ. ಮುಗಿಯಲು 800 ಸೆಕೆಂಡು, ಎಂದರೆ ಹದಿಮೂರು ಚಿಲ್ಲರೆ ನಿಮಿಷ ಸಾಕು. 50 ಜಿ.ಬಿ.ಯ ತಿಂಗಳ ಪಾಲು ಹನ್ನೊಂದು ಗಂಟೆಗಳಲ್ಲಿ ಹರಿದು ಹೋಗುತ್ತದೆ. ವೇಗವು ಹೆಚ್ಚೆಂಬ ಕಾರಣದಿಂದಲೇ ದುಬಾರಿ ಯೋಜನೆಯನ್ನು ಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಮೇಲು.

ಮಿತಿಯನ್ನು ಏಕೆ ಇಟ್ಟಿದ್ದಾರೆ?

ಇದು ವ್ಯಾಪಾರಿಗಳ ಲೋಭದಿಂದ ಮಾತ್ರ ಆದುದೆಂದು ತಿಳಿಯಕೂಡದು. ಒಂದು ಉಪಗ್ರಹವು ಸಾಗಿಸಬಲ್ಲ ಒಟ್ಟು ಭಾರವು ಗೊತ್ತಾದುದು. ಮೇಲೆ ಹೋಗಿ ಅದನ್ನು ಹಿಗ್ಗಿಸಲಾಗದು. ನಮ್ಮ ದೇಶದ ಜಿಸ್ಯಾಟ್-ಎನ್2 ಉಪಗ್ರಹವು 2024ನೆಯ ನವೆಂಬರ್ ತಿಂಗಳಲ್ಲಿ ಅಮೆರಿಕ ದೇಶದ ಫ್ಲಾರಿಡಾದಿಂದ ಹಾರಿಸಲ್ಪಟ್ಟಿತು. ಅದರ ಒಟ್ಟು ಸಾಮರ್ಥ್ಯವು ಸೆಕೆಂಡಿಗೆ 48 ಗಿಗಾಬಿಟ್. ದೇಶದ ಮೇಲೆ ಅದು ಬೀರುವ ಕಿರಣಗಳು 32. ಇವುಗಳಿಗೆ ಸಮವಾಗಿ ಹಂಚಿದರೆ ಒಂದೊಂದು ಕಿರಣಕ್ಕೆ ಒಂದೂವರೆ ಗಿಗಾಬಿಟ್ ಬೀಳುತ್ತದೆ. ಒಂದು ಕಿರಣದ ಕೆಳಗಿರುವ ಸಾವಿರ ಮನೆಗಳು ಸಂಜೆ ಏಳು ಗಂಟೆಗೆ ಒಟ್ಟಿಗೆ ಬಳಸಲು ಕುಳಿತರೆ ಒಂದೊಂದಕ್ಕೆ ಒಂದೂವರೆ ಮೆಗಾಬಿಟ್ ಮಾತ್ರ ಉಳಿಯುವುದು. ಇದು ಸ್ಥೂಲವಾದ ಲೆಕ್ಕವಾದರೂ ಕಾರಣವನ್ನು ತಿಳಿಯಲು ಸಾಕು.

ಲಕ್ಷದ್ವೀಪವು ಇದಕ್ಕೆ ಪ್ರತ್ಯಕ್ಷ ನಿದರ್ಶನ. ಆ ದ್ವೀಪಗಳಲ್ಲಿ ಅಮಿನಿದಿವಿ ಎಂಬ ಗುಂಪು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. ಕೊಚ್ಚಿಯಿಂದ ಸಮುದ್ರದ ತಳದಲ್ಲಿ ಹಾಕಿದ ಫೈಬರ್ ತಂತಿಯು 2024ನೆಯ ಜನವರಿಯಲ್ಲಿ ಉದ್ಘಾಟನೆಯಾಗುವವರೆಗೆ ದ್ವೀಪವಾಸಿಗಳು ಉಪಗ್ರಹವನ್ನೇ ನಂಬಿದ್ದರು. ಆಗ ಎಲ್ಲ ದ್ವೀಪಗಳಿಗೂ ಸೇರಿ ಇದ್ದ ಪಾಲು ಸೆಕೆಂಡಿಗೆ ಸುಮಾರು 1.7 ಗಿಗಾಬಿಟ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಭಾಗಿಸಿದರೆ ತಲೆಗೆ 26 ಕಿಲೋಬಿಟ್ಟಿನಷ್ಟು; ಅದರಲ್ಲಿ ಒಂದು ಸಾಧಾರಣ ಚಲಚ್ಚಿತ್ರವೂ ಓಡಲಾರದು. ಆಸ್ಪತ್ರೆಯೂ ಶಾಲೆಯೂ ಕಚೇರಿಯೂ ಇರುವುದು ಆ ಪಾಲಿನೊಳಗೇ.

ಕಾಣದ ಸೋರಿಕೆ

ಕಾಲುವೆಯ ನೀರು ಗದ್ದೆಗೆ ಸೇರುವ ಮೊದಲೇ ದಾರಿಯಲ್ಲಿ ಇಂಗಿಹೋಗುವುದನ್ನು ನಾವು ಬಲ್ಲೆವು. ಡೇಟಾದ ವಿಷಯದಲ್ಲಿಯೂ ಮನೆಯವರು ಕಣ್ಣಿಟ್ಟು ಬಳಸುವುದಕ್ಕಿಂತ ಯಂತ್ರಗಳು ತಾವಾಗಿ ಸೆಳೆದುಕೊಳ್ಳುವುದೇ ಎಷ್ಟೋ ಮನೆಗಳಲ್ಲಿ ಹೆಚ್ಚು. ಇದಕ್ಕೆ ಒಂದು ವಿಶೇಷ ಕಾರಣವುಂಟು. ಇದನ್ನು ಚೆನ್ನಾಗಿ ಗ್ರಹಿಸಬೇಕು.

ಮೊಬೈಲನ್ನು ತಯಾರಿಸಿದವರು ಪೇಟೆಯ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಪೇಟೆಯಲ್ಲಿ ಗೋಪುರದ ಡೇಟಾಕ್ಕೆ ಮಿತಿ, ವೈಫೈಗೆ ಮಿತಿಯಿಲ್ಲ. ಆದುದರಿಂದ ಯಂತ್ರವು ವೈಫೈ ದೊರೆತೊಡನೆ ಇದು ಧರ್ಮಛತ್ರದ ಊಟವೆಂದು ಭಾವಿಸಿ, ಅಪ್ಲಿಕೇಷನ್ನುಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತದೆ. ತೆಗೆದ ಚಿತ್ರಗಳನ್ನೆಲ್ಲ ದೂರದ ಉಗ್ರಾಣಕ್ಕೆ ಕಳುಹಿಸುತ್ತದೆ. ವಾಟ್ಸಾಪಿನ ಗುಂಪಿನಲ್ಲಿ ಬಂದ ಚಲಚ್ಚಿತ್ರಗಳನ್ನು ಕೇಳದೆಯೇ ತುಂಬಿಕೊಳ್ಳುತ್ತದೆ. ನಮ್ಮ ಡಿಷ್ಷಿನ ಮನೆಯಲ್ಲಾದರೋ ಮಿತಿ ಇರುವುದು ವೈಫೈಗೇ. ‘ವೈಫೈ ಇದ್ದಾಗ ಮಾತ್ರ’ ಎಂಬ ಏರ್ಪಾಡನ್ನು ಉಳಿತಾಯಕ್ಕೆಂದು ಒತ್ತಿದವನು ಇಲ್ಲಿ ತೂಬಿನ ಬಾಗಿಲನ್ನೇ ತೆಗೆದಂತಾಗುತ್ತದೆ.

ಇದಕ್ಕೆ ಪರಿಹಾರವು ಸುಲಭ. ಆಂಡ್ರಾಯ್ಡ್ ಮೊಬೈಲಿನಲ್ಲಿ ವೈಫೈ ಸಂಪರ್ಕದ ಹೆಸರನ್ನು ಒತ್ತಿ, ಅದನ್ನು ‘ಮೀಟರ್ಡ್’, ಎಂದರೆ ಅಳತೆಯುಳ್ಳದ್ದು, ಎಂದು ಗುರುತಿಸತಕ್ಕದ್ದು. ವಿಂಡೋಸ್ ಕಂಪ್ಯೂಟರಿನಲ್ಲಿಯೂ ಇದೇ ಹೆಸರಿನ ಏರ್ಪಾಡಿದೆ. ಪ್ಲೇ ಸ್ಟೋರಿನಲ್ಲಿ ತಾನಾಗಿ ನಡೆಯುವ ಅಪ್‌ಡೇಟನ್ನೂ, ವಾಟ್ಸಾಪಿನಲ್ಲಿ ತಾನಾಗಿ ನಡೆಯುವ ಡೌನ್‌ಲೋಡನ್ನೂ, ವೈಫೈನ ಕೆಳಗೆ ಇರುವುದನ್ನೂ ಸೇರಿಸಿ, ನಿಲ್ಲಿಸತಕ್ಕದ್ದು. ಮನೆಗೆ ಬಂದ ನೆಂಟರ ಮೊಬೈಲಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನಾಲ್ಕು ಮಂದಿ ಮಕ್ಕಳ ನಾಲ್ಕು ಮೊಬೈಲುಗಳು ಒಂದೇ ರಾತ್ರಿಯಲ್ಲಿ ವಾರದ ಪಾಲನ್ನು ಕುಡಿದು ಹೋಗುವುದು ಆಶ್ಚರ್ಯವಲ್ಲ. ಆದರೆ ಅಪ್‌ಡೇಟನ್ನು ಎಂದೆಂದಿಗೂ ಮಾಡದಿರುವುದೂ ತಪ್ಪು, ಏಕೆಂದರೆ ಯಂತ್ರದ ಭದ್ರತೆಯು ಅದರ ಮೇಲಿದೆ. ತಾಲ್ಲೂಕು ಕೇಂದ್ರಕ್ಕೆ ಹೋದಾಗ ಅದನ್ನು ಮುಗಿಸಿಕೊಂಡು ಬರಬಹುದು.

ತೋಟದ ಕಾವಲಿಗೆ ಇಡುವ ಕ್ಯಾಮರಾವು ಎಲ್ಲಕ್ಕಿಂತ ದೊಡ್ಡ ಸೋರಿಕೆ. ಸೆಕೆಂಡಿಗೆ ಒಂದೇ ಮೆಗಾಬಿಟ್ಟಿನಂತೆ ಹಗಲಿರುಳು ಚಿತ್ರವನ್ನು ದೂರದ ಉಗ್ರಾಣಕ್ಕೆ ಕಳುಹಿಸಿದರೂ ದಿನಕ್ಕೆ 10.8 ಜಿ.ಬಿ. ಆಗುತ್ತದೆ, ಐದು ದಿನಗಳಿಗೆ 50 ಜಿ.ಬಿ. ಮುಗಿಯಿತು. ಮೆಣಸು ಕಳವಾದೀತೆಂದು ಕ್ಯಾಮರಾ ಇಟ್ಟವನು ಡೇಟಾ ಕಳೆದುಕೊಂಡಂತಾಯಿತು. ಚಿತ್ರವನ್ನು ಕ್ಯಾಮರಾದೊಳಗಿನ ಮೆಮೊರಿ ಕಾರ್ಡಿನಲ್ಲಿ ಶೇಖರಿಸಿ, ಬೇಕಾದಾಗ ಮಾತ್ರ ನೋಡುವ ಏರ್ಪಾಡು ಮಾಡಿಕೊಳ್ಳಬೇಕು.

ಬರಹ, ಚಿತ್ರ, ಚಲಚ್ಚಿತ್ರ

ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಕಂಪ್ಯೂಟರಿನಲ್ಲಿ ಮೂರು ಬೈಟು ಬೇಕು. ಸಾವಿರ ಚಿಹ್ನೆಗಳ ಒಂದು ಅರ್ಜಿಯನ್ನು ಬೆರಳಚ್ಚಿನಲ್ಲಿ ಕಳುಹಿಸಿದರೆ ಮೂರು ಕಿಲೋಬೈಟು. ಅದೇ ಅರ್ಜಿಯನ್ನು ಕಾಗದದಲ್ಲಿ ಬರೆದು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದರೆ ನಾಲ್ಕು ಮೆಗಾಬೈಟಾದೀತು. ಅದರಲ್ಲಿ 1,300 ಅರ್ಜಿಗಳನ್ನು ಕಳುಹಿಸಬಹುದಾಗಿತ್ತು. ಚಲಚ್ಚಿತ್ರವು ಅತಿ ಸ್ಪಷ್ಟವಾಗಿದ್ದರೆ ಗಂಟೆಗೆ ಸುಮಾರು 3 ಜಿ.ಬಿ., ಸಾಧಾರಣ ಸ್ಪಷ್ಟತೆಯಲ್ಲಿ 1 ಜಿ.ಬಿ.ಯೊಳಗೆ. ಎಲೆಯ ಮೇಲಿನ ರೋಗದ ಚುಕ್ಕೆಯನ್ನು ನೋಡಿ ಗುರುತಿಸಬೇಕಾದಲ್ಲಿ ಸ್ಪಷ್ಟತೆ ಬೇಕು. ಭಾಷಣವನ್ನು ಕೇಳುವುದಕ್ಕೆ ಅದು ಬೇಡ.

ಮಿತಿ ಮುಗಿದ ಮೇಲೆ ಈ ವ್ಯತ್ಯಾಸವೇ ಪ್ರಾಣ. ವೇಗವು ಸೆಕೆಂಡಿಗೆ 100 ಕಿಲೋಬಿಟ್ಟಿಗೆ ಇಳಿದಿದೆಯೆಂದು ಭಾವಿಸೋಣ. ಬೆಳೆ ನಷ್ಟದ 4 ಮೆಗಾಬೈಟಿನ ಒಂದು ಚಿತ್ರವು ಹೋಗಲು ಐದು ನಿಮಿಷಕ್ಕೂ ಮೇಲಾಗುತ್ತದೆ. ನಡುವೆ ಕಡಿದರೆ ಪುನಃ ಮೊದಲಿನಿಂದ ಕಳುಹಿಸಬೇಕಾಗಬಹುದು. ಅದೇ ಚಿತ್ರವನ್ನು ಹತ್ತನೆಯ ಒಂದು ಪಾಲಿಗೆ ಕುಗ್ಗಿಸಿದರೆ ಅರ್ಧ ನಿಮಿಷದಲ್ಲಿ ಮುಟ್ಟುವುದು. ಚಿತ್ರವನ್ನು ಕುಗ್ಗಿಸುವ ಕ್ರಮವನ್ನು ಮನೆಯಲ್ಲಿ ಒಬ್ಬರಾದರೂ ಮಳೆಗಾಲಕ್ಕೆ ಮುಂಚೆಯೇ ಕಲಿತಿರಬೇಕು.

ಮೀಸಲೂ ಲೆಕ್ಕದ ಪುಸ್ತಕವೂ

ಬಿತ್ತನೆಯ ಬೀಜವನ್ನು ಊಟಕ್ಕೆ ತೆಗೆಯದಿರುವಂತೆ, ಡೇಟಾದಲ್ಲಿಯೂ ಐದನೆಯ ಒಂದು ಪಾಲನ್ನು ತಿಂಗಳ ಕೊನೆಯವರೆಗೆ ಮುಟ್ಟದೆ ಇಡಬೇಕೆಂಬುದು ನನ್ನ ಅಭಿಪ್ರಾಯ. 50 ಜಿ.ಬಿ.ಯಲ್ಲಿ 10 ಮೀಸಲು. ಉಳಿದ 40ನ್ನು ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ ಒಂದೂಕಾಲು ಜಿ.ಬಿ.ಗಿಂತ ಸ್ವಲ್ಪ ಹೆಚ್ಚು. ಒದಗಿಸುವವರ ಅಪ್ಲಿಕೇಷನ್ನಿನಲ್ಲಿ ಅಥವಾ ರೌಟರಿನಲ್ಲಿ ಇದುವರೆಗಿನ ಖರ್ಚು ಕಾಣುವುದು. ಪ್ರತಿದಿನ ಬೆಳಗ್ಗೆ, ಹಾಲಿನ ಲೆಕ್ಕವನ್ನು ಬರೆಯುವ ಹೊತ್ತಿಗೆ, ಆ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಗುರುತುಮಾಡತಕ್ಕದ್ದು. ಒಂದು ದಿನ ಅಂಕಿಯು ಏಕಾಏಕಿ ನಾಲ್ಕೈದು ಜಿ.ಬಿ. ಹಾರಿದ್ದರೆ ಹಿಂದಿನ ದಿನ ಯಾವ ಯಂತ್ರವು ಏನು ಮಾಡಿತೆಂಬುದನ್ನು ಆಗಲೇ ವಿಚಾರಿಸಬಹುದು. ಇಪ್ಪತ್ತನೆಯ ತಾರೀಖಿಗೆ ವಿಚಾರಿಸಿದರೆ ಯಾರಿಗೂ ನೆನಪಿರುವುದಿಲ್ಲ.

ಮೀಸಲನ್ನು ಯಾವುದಕ್ಕೆ ಬಳಸಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಗಡುವುಳ್ಳ ಕೆಲಸಗಳಿಗೆ ಮೊದಲ ಸ್ಥಾನ: ವಿಮೆಯ ವರದಿ, ಪಹಣಿಯ ಕೆಲಸ, ಮಕ್ಕಳ ಪರೀಕ್ಷಾ ಅರ್ಜಿ, ವೃದ್ಧರ ಪಿಂಚಣಿಯ ಕಾಗದಪತ್ರ. ಹವಾಮಾನದ ಮುನ್ಸೂಚನೆ, ಮಾರುಕಟ್ಟೆಯ ಧಾರಣೆ ಇವು ಬರಹದ ರೂಪದಲ್ಲಿದ್ದರೆ ಹೆಚ್ಚು ಡೇಟಾವನ್ನು ಕೇಳುವುದೇ ಇಲ್ಲ.

ಊರಿನ ಹಂಚಿಕೆ

ಕೆರೆಯಿದ್ದ ಊರುಗಳಲ್ಲಿ ನೀರುಗಂಟಿಯು ತೂಬನ್ನು ತೆರೆದು ಮುಚ್ಚುತ್ತಿದ್ದನು. ಕೊನೆಯ ಗದ್ದೆಗೂ ನೀರು ಮುಟ್ಟುವುದು ಅವನ ಹೊಣೆಯಾಗಿದ್ದಿತು. ಪಂಚಾಯತಿಯಲ್ಲಾಗಲಿ, ಹಾಲಿನ ಸಂಘದಲ್ಲಾಗಲಿ, ದೊಡ್ಡ ತೋಟದಲ್ಲಾಗಲಿ ಒಂದೇ ಡಿಷ್ಷನ್ನು ಹಲವರು ಬಳಸುವಲ್ಲಿ ಅಂತಹ ಒಬ್ಬರು ಇರತಕ್ಕದ್ದು. ಗುಪ್ತಪದವನ್ನು ಊರಿಗೆಲ್ಲ ಹೇಳಿ ಉದಾರಿಗಳಾದೆವೆಂದುಕೊಂಡರೆ ಮೂರು ದಿನಗಳಲ್ಲಿ ಯುವಕರ ಕ್ರಿಕೆಟ್ ಪಂದ್ಯಕ್ಕೆ ಎಲ್ಲವೂ ವ್ಯಯವಾಗುವುದು. ಯಾರಿಗೂ ಹೇಳದೆ ಬೀಗ ಹಾಕಿಟ್ಟರೆ, ಕಾಗದ ಹಿಡಿದು ಬಂದ ಕೂಲಿಯ ಹೆಂಗಸು ಹತ್ತು ಮೈಲಿ ನಡೆಯಬೇಕಾಗುವುದು. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ಹೇಳಲು ನನಗೆ ಸಂಕೋಚವಿಲ್ಲ. ಅನೇಕ ರೌಟರುಗಳಲ್ಲಿ ಅತಿಥಿಗಳಿಗೆಂದು ಬೇರೆ ಹೆಸರಿನ ಸಂಪರ್ಕವನ್ನು ತೆರೆದು ಅದಕ್ಕೆ ವೇಗದ ಮಿತಿಯನ್ನು ಹಾಕುವ ಅನುಕೂಲವುಂಟು. ಅದನ್ನು ದಿನಕ್ಕೆ ಎರಡು ಗಂಟೆ ತೆರೆದಿಟ್ಟು, ಹೊತ್ತನ್ನು ಗೋಡೆಯ ಮೇಲೆ ಬರೆದರೆ ತಂಟೆಯಿರುವುದಿಲ್ಲ. ಹಣ ಪಡೆದು ಹಂಚುವ ಯೋಚನೆಯಿದ್ದಲ್ಲಿ ಮಾತ್ರ ಕರಾರಿನಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲು ನೋಡಬೇಕು.

ಕೃಷಿ ಪಾಠದ ಚಲಚ್ಚಿತ್ರಗಳನ್ನು ಹತ್ತು ಮನೆಯವರು ಹತ್ತು ಸಲ ತರಿಸುವುದು ವ್ಯರ್ಥ. ಇಪ್ಪತ್ತು ನಿಮಿಷದ ಸ್ಪಷ್ಟ ಚಿತ್ರಕ್ಕೆ ಒಂದು ಜಿ.ಬಿ. ಎಂದರೆ ಹತ್ತು ಮನೆಗೆ ಹತ್ತಾಯಿತು. ಡೌನ್‌ಲೋಡಿಗೆ ಅನುಮತಿಯಿರುವ ಚಿತ್ರವನ್ನು ಒಮ್ಮೆ ಇಳಿಸಿ, ಒಂದು ಮೊಬೈಲಿನಿಂದ ಪಕ್ಕದ ಮೊಬೈಲಿಗೆ ನೇರವಾಗಿ ದಾಟಿಸಿದರೆ ಉಪಗ್ರಹದ ಡೇಟಾವು ಹೆಚ್ಚಿಗೆ ಒಂದು ಬೈಟೂ ಖರ್ಚಾಗದು. ಸಂಘದ ಕಟ್ಟಡದಲ್ಲಿ ಹತ್ತು ಮಂದಿ ಕೂಡಿ ನೋಡಿದರೆ ಇನ್ನೂ ಒಳ್ಳೆಯದು; ಸಂದೇಹಗಳನ್ನು ಅಲ್ಲಿಯೇ ಚರ್ಚಿಸಬಹುದು.

ಮಳೆ, ಮರ, ವಿಳಂಬ

ಸಂಪರ್ಕವು ಮಂದವಾದಾಗಲೆಲ್ಲ ಡೇಟಾ ಮುಗಿಯಿತೆಂದು ಭಾವಿಸಿ ಹೆಚ್ಚಿನ ಪೊಟ್ಟಣವನ್ನು ಕೊಳ್ಳುವವರಿದ್ದಾರೆ. ಕೊಳ್ಳುವ ಮೊದಲು ಮೂರು ಸಂಗತಿಗಳನ್ನು ನೋಡಬೇಕು. ಕೂ ಮತ್ತು ಕಾ ಎಂಬ ತರಂಗಪಟ್ಟಿಗಳನ್ನು ಬಿರುಮಳೆಯು ಹೀರುತ್ತದೆ. ಮಳೆಯ ರಭಸ ತಗ್ಗಿದೊಡನೆ ಸಂಪರ್ಕವು ಸರಿಹೋಗುವುದು. ಆಗುಂಬೆಯಂತಹ ಸೀಮೆಯಲ್ಲಿ ಆಷಾಢದಲ್ಲಿ ಮುಖ್ಯ ಕೆಲಸವನ್ನು ಮಳೆ ಬಿಟ್ಟ ಹೊತ್ತು ನೋಡಿ ಮುಗಿಸಿಕೊಳ್ಳಬೇಕು. ಭೂಸ್ಥಿರ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಕೇಳಿಕೆ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡಿನಷ್ಟು ಹಿಡಿಯುವುದು. ಇದು ದೂರದ ಗುಣವೇ ಹೊರತು ಡೇಟಾದ ಕೊರತೆಯಲ್ಲ. ಸ್ಟಾರ್‌ಲಿಂಕ್ ಸಂಸ್ಥೆಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿಯೇ ಸುತ್ತುವುದರಿಂದ ಅಲ್ಲಿ ಈ ವಿಳಂಬ ಬಹಳ ಕಡಿಮೆ; ಆ ಸಂಸ್ಥೆಗೆ ನಮ್ಮ ದೇಶದಲ್ಲಿ 2025ನೆಯ ಜೂನಿನಲ್ಲಿ ಪರವಾನಗಿ ದೊರೆಯಿತು. ಕಡೆಯದಾಗಿ ಮರ. ಭೂಸ್ಥಿರ ಉಪಗ್ರಹವನ್ನು ನೋಡುವ ಡಿಷ್ಷು ನಮ್ಮ ಸೀಮೆಯಲ್ಲಿ ಹೆಚ್ಚುಕಡಿಮೆ ದಕ್ಷಿಣದ ಆಕಾಶಕ್ಕೆ ಮುಖಮಾಡಿರುತ್ತದೆ. ಹಾಕಿದಾಗ ಬಯಲಾಗಿದ್ದ ಆ ದಿಕ್ಕಿನಲ್ಲಿ ಎರಡು ವರ್ಷಕ್ಕೆ ಸಿಲ್ವರ್ ಓಕ್ ಎದ್ದು ನಿಂತಿರುವುದನ್ನು ಗಮನಿಸತಕ್ಕದ್ದು.

ಕರಾರಿಗೆ ಮುಂಚೆ

ಅಮೆರಿಕದ ಹಳ್ಳಿಗಾಡಿಗೆ ಹ್ಯೂಸ್‌ನೆಟ್ ಸಂಸ್ಥೆಯು 2017ರಲ್ಲಿ ತಂದ ಯೋಜನೆಗಳಲ್ಲಿ ತಿಂಗಳಿಗೆ 10ರಿಂದ 50 ಜಿ.ಬಿ.ವರೆಗೆ ಮಿತಿಯಿದ್ದು, ಬೆಳಗಿನ ಜಾವ 2ರಿಂದ 8 ಗಂಟೆಯವರೆಗೆ ಬಳಸಲು ಬೇರೆ 50 ಜಿ.ಬಿ. ಕೊಡಲ್ಪಟ್ಟಿತ್ತು. ಜನ ಮಲಗಿದಾಗ ಉಪಗ್ರಹವು ಬಿಡುವಾಗಿರುವುದೇ ಇದಕ್ಕೆ ಕಾರಣ. ರಾತ್ರಿಯ ತ್ರೀಫೇಸ್ ವಿದ್ಯುತ್ತಿಗೆಂದು ಎದ್ದು ಪಂಪು ಹಾಕುವ ನಮ್ಮ ರೈತನಿಗೆ ಇದು ಹೊಸದಲ್ಲ. ಇಲ್ಲಿ ಏಳುವುದೂ ಬೇಡ, ಇಳಿಸುವ ಹೊತ್ತನ್ನು ಕಂಪ್ಯೂಟರಿಗೆ ಮೊದಲೇ ಹೇಳಿಟ್ಟರೆ ಸಾಕು. ಇಂತಹ ರಾತ್ರಿಯ ಪಾಲು ಉಂಟೇ, ಉಳಿದ ಡೇಟಾ ಮುಂದಿನ ತಿಂಗಳಿಗೆ ಸೇರುವುದೇ, ಮಿತಿ ಮುಗಿದ ಮೇಲೆ ವೇಗವೆಷ್ಟು, ಹೆಚ್ಚಿನ ಒಂದೊಂದು ಜಿ.ಬಿ.ಗೆ ದರವೆಷ್ಟು ಎಂಬ ನಾಲ್ಕನ್ನು ಒದಗಿಸುವವರಿಂದ ಬರಹದಲ್ಲಿಯೇ ಪಡೆದು, ರಸೀತಿಯೊಡನೆ ಇಟ್ಟುಕೊಳ್ಳತಕ್ಕದ್ದು.