ಉಳುಮೆ ಉಪಕರಣಗಳ ಬೆಸುಗೆ: ಕಡ್ಡಿ ಮತ್ತು ಕರೆಂಟಿನ ಆಯ್ಕೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ಮಳೆ ಬಿದ್ದ ಮೇಲೆ ರಾಗಿ ಬಿತ್ತನೆಯ ಹದ ಕೆಲವೇ ದಿನ ಉಳಿಯುತ್ತದೆ. ಆಗ ಕಲ್ಟಿವೇಟರಿನ ಬೆಸುಗೆ ಬಿಟ್ಟರೆ ಹದವೇ ತಪ್ಪುತ್ತದೆ. ಬೆಸೆದ ಜಾಗದ ಪಕ್ಕದಲ್ಲೇ ಮತ್ತೆ ಮುರಿಯುವುದಕ್ಕೆ ಹಲವು ಸಲ ತಪ್ಪು ಕಡ್ಡಿ ಇಲ್ಲವೆ ತಪ್ಪು ಕರೆಂಟು ಕಾರಣ. ಆದ್ದರಿಂದ ಬೆಸುಗೆ ಮಾಡಿಸುವ ರೈತರೂ ಈ ಅಂಶಗಳನ್ನು ತಿಳಿದಿರಬೇಕು.

ಲೋಹವನ್ನು ಗುರುತಿಸುವುದು: ಚೌಕಟ್ಟು, ಆಂಗಲ್, ಟ್ರೈಲರಿನ ತಗಡು ಸಾಮಾನ್ಯವಾಗಿ ಮೆದು ಉಕ್ಕಿನವು. ಗುಳ ಮತ್ತು ಸ್ಪ್ರಿಂಗುಗಳಲ್ಲಿ ಇಂಗಾಲ ಹೆಚ್ಚು. ಸಾಣೆಚಕ್ರಕ್ಕೆ ಹಿಡಿದಾಗ ಮೆದು ಉಕ್ಕಿನ ಕಿಡಿ ಉದ್ದವಾಗಿ, ಕವಲು ಕಡಿಮೆಯಾಗಿರುತ್ತದೆ. ಗಡಸು ಉಕ್ಕಿನ ಕಿಡಿ ಹೂಬಾಣದಂತೆ ಒಡೆದು ಚದರುತ್ತದೆ.

ಕಡ್ಡಿ: ಮೆದು ಉಕ್ಕಿಗೆ 6013 ಸಾಕು. ಗಡಸು ಉಕ್ಕಿಗೆ ಹಾಗೂ ಹೆಚ್ಚು ಹೊಡೆತ ಬೀಳುವ ಭಾಗಗಳಿಗೆ 7018 ಉತ್ತಮ. ಇದರ ಹೊದಿಕೆ ತೇವ ಹೀರಿದರೆ ಜಲಜನಕ ಬೆಸುಗೆಯೊಳಗೆ ಸೇರಿ ಬಿರುಕು ಬಿಡುತ್ತದೆ. ತೇವ ತಗುಲಿದ 7018 ಕಡ್ಡಿಗಳನ್ನು ತಯಾರಕರು ಸೂಚಿಸಿದ ಶಾಖದಲ್ಲಿ, ಸಾಮಾನ್ಯವಾಗಿ 250ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಣಗಿಸಬೇಕು. ಬಿಸಿಲಿನಲ್ಲಿ ಹರಡಿದರೆ ಸಾಲದು.

ಕರೆಂಟು: 6013 ಕಡ್ಡಿಗೆ ಸುಮಾರಾಗಿ,
2.5 ಮಿ.ಮೀ. — 60ರಿಂದ 90 ಆಂಪಿಯರ್
3.15 ಮಿ.ಮೀ. — 90ರಿಂದ 130 ಆಂಪಿಯರ್
4 ಮಿ.ಮೀ. — 140ರಿಂದ 180 ಆಂಪಿಯರ್

7018 ಕಡ್ಡಿಗೆ ಪೊಟ್ಟಣದ ಮೇಲಿನ ಮಿತಿಯನ್ನೇ ಅನುಸರಿಸಬೇಕು. ತೆಳು ತಗಡಿಗೆ ಸಣ್ಣ ಕಡ್ಡಿ, ದಪ್ಪ ಪಟ್ಟಿಗೆ ದಪ್ಪ ಕಡ್ಡಿ ಬಳಸಬೇಕು. ಕರೆಂಟು ಕಡಿಮೆಯಾದರೆ ಕಡ್ಡಿ ಅಂಟುತ್ತದೆ. ಬೆಸುಗೆ ಒಳಗಿಳಿಯದೆ ದಿಬ್ಬದಂತೆ ಮೇಲೇ ನಿಲ್ಲುತ್ತದೆ. ಹೆಚ್ಚಾದರೆ ಕಿಡಿ ಸಿಡಿದು, ಕಡ್ಡಿ ಕೆಂಪಾಗಿ, ಅಂಚು ಕೊರೆದುಹೋಗುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ವೇಳೆ ವೋಲ್ಟೇಜು ಇಳಿದರೆ, ಟ್ರಾನ್ಸ್‌ಫಾರ್ಮರ್ ಮಾದರಿಯ ಯಂತ್ರದಿಂದ ಅದು ತೋರಿಸುವಷ್ಟು ಕರೆಂಟು ಬರುವುದಿಲ್ಲ. ಆದ್ದರಿಂದ ಅಷ್ಟೇ ದಪ್ಪದ ಹಳೆಯ ಚೂರಿನ ಮೇಲೆ ಮೊದಲು ಬೆಸೆದು ನೋಡಬೇಕು.

ಗಡಸು ಉಕ್ಕಿನಲ್ಲಿ ಎಚ್ಚರಿಕೆ: ಬೆಸೆಯುವ ಮುನ್ನ ಗುಳವನ್ನು ಸುಮಾರು 200 ಡಿಗ್ರಿಗೆ, ಅಂದರೆ ನೀರಹನಿ ಕಾದ ಕಾವಲಿಯ ಮೇಲಿನಂತೆ ಉರುಳಿ ಓಡುವಷ್ಟು, ಕಾಯಿಸಬೇಕು. ಬೆಸೆದ ಮೇಲೆ ಒಣ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಬೇಗ ಮುಗಿಯಲೆಂದು ನೀರಿಗೆ ಅದ್ದಿದರೆ ಬೆಸುಗೆಯ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ, ಮೊದಲ ಕಲ್ಲಿಗೇ ಮುರಿಯುತ್ತದೆ. ಮುರಿದ ಸ್ಪ್ರಿಂಗನ್ನು ಬೆಸೆಯದೆ ಹೊಸದನ್ನು ಹಾಕುವುದು ಕ್ಷೇಮ.

ಟ್ರ್ಯಾಕ್ಟರಿಗೆ ಜೋಡಿಸಿದ ಭಾಗವನ್ನು ಬೆಸೆಯುವಾಗ ಬ್ಯಾಟರಿಯ ತಂತಿ ಬಿಚ್ಚಬೇಕು. ಅರ್ಥ್ ಹಿಡಿಕೆಯನ್ನು ಬೆಸುಗೆಯ ಹತ್ತಿರವೇ ಕಚ್ಚಿಸಬೇಕು. ಡೀಸೆಲ್ ತುಂಬಿದ್ದ ಪೀಪಾಯಿ ಬರಿದಾಗಿ ಕಂಡರೂ ಬೆಸೆಯಬಾರದು; ಒಳಗಿನ ಆವಿಯಿಂದ ಸಿಡಿಯಬಹುದು. ಈ ಕೆಲಸಗಳನ್ನೆಲ್ಲ ಮುಂಗಾರಿಗೆ ಮೊದಲೇ, ಬೇಸಿಗೆಯ ಬಿಡುವಿನಲ್ಲಿ ಮುಗಿಸಿಕೊಳ್ಳುವುದು ಲೇಸು.