ಬ್ರೇಕಿನ ಲೆಕ್ಕ

ನಮ್ಮ ದೇಶದಲ್ಲಿ ಮೋಟಾರು ಕಾರಿನ ಕಲಿಕೆಯ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ಅದು ದೊರೆತು 30 ದಿನಗಳಾದ ಮೇಲೆಯೇ ಚಾಲನೆಯ ಪರೀಕ್ಷೆ. ಈ ಅವಧಿಯಲ್ಲಿ ತರುಣರು ರಸ್ತೆಯ ಚಿಹ್ನೆಗಳನ್ನು ಬಾಯಿಪಾಠ ಮಾಡುತ್ತಾರೆ, ಕಾರನ್ನು ಹಿಮ್ಮುಖವಾಗಿ ನಡೆಸುವುದನ್ನು ರೂಢಿಸಿಕೊಳ್ಳುತ್ತಾರೆ. ನಿಲ್ಲಿಸಲು ಎಷ್ಟು ದೂರ ಬೇಕೆಂದು ಲೆಕ್ಕ ಹಾಕುವವರು ವಿರಳ.

ಗಂಟೆಗೆ 36 ಕಿಲೋಮೀಟರು ಎಂದರೆ ಸೆಕೆಂಡಿಗೆ 10 ಮೀಟರು. ಮಗುವೊಂದು ಅಡ್ಡ ಬಂದುದನ್ನು ಕಂಡು ಬ್ರೇಕನ್ನು ಮೆಟ್ಟುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆನ್ನೋಣ. ಕಾರು ಆಗಲೇ 10 ಮೀಟರು ಮುಂದೆ ಸಾಗಿರುತ್ತದೆ. ಆಮೇಲೆ ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ತಗ್ಗಿಸುವುದಾದರೆ, ನಿಲ್ಲಲು ಇನ್ನೂ 10 ಮೀಟರು ಬೇಕು. ಒಟ್ಟು 20.

ಈಗ ವೇಗವನ್ನು ಇಮ್ಮಡಿಸಿರಿ. ಮೊದಲನೆಯ ಭಾಗ 20 ಮೀಟರಾಗುತ್ತದೆ. ಎರಡನೆಯದು 20 ಅಲ್ಲ, 40. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ. ಒಟ್ಟು 60 ಮೀಟರು! ಮಳೆ ಬಿದ್ದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ ಅರ್ಧಕ್ಕಿಳಿದರೆ 100. ಬ್ರೇಕು ಎಷ್ಟೇ ಹೊಸದಾಗಿರಲಿ, ಇದು ತಪ್ಪದು.

ರಸ್ತೆಯಲ್ಲಿ ಅಳತೆಗೋಲು ಇರುವುದಿಲ್ಲವಷ್ಟೆ. ಮುಂದಿನ ವಾಹನವು ಒಂದು ಕಂಬವನ್ನು ದಾಟಿದೊಡನೆ ಎಣಿಸತೊಡಗಿರಿ. ಎರಡು ಸೆಕೆಂಡು ತುಂಬುವ ಮುನ್ನವೇ ನೀವು ಆ ಕಂಬವನ್ನು ಮುಟ್ಟಿದರೆ ತೀರ ಹತ್ತಿರದಲ್ಲಿದ್ದೀರಿ. ಮಳೆಯಲ್ಲಿ ನಾಲ್ಕು ಎಣಿಸಿರಿ.